ಸೂಪರ್‌ಹೀರೊ ಶೋ ಪುಟ್ಟ ಮಕ್ಕಳಿಗೆ ಹಾಕಬಹುದೇ? ನೋಡಿ ತೀರ್ಮಾನಿಸುವ ಕ್ರಮ

ಕೇಪ್ ತೊಟ್ಟವರೆಲ್ಲ ಒಂದೇ ಜಾತಿಯವರಲ್ಲ. ‘ಪಿಜೆ ಮಾಸ್ಕ್ಸ್’ ಶಾಲೆ ಸೇರುವ ಮುಂಚಿನ ಮಕ್ಕಳಿಗೆಂದೇ ಮಾಡಿದ ಕಾರ್ಟೂನ್, ಒಂದು ಕಥೆ ಸುಮಾರು 11 ನಿಮಿಷಕ್ಕೆ ಮುಗಿಯುತ್ತದೆ. ‘ಇನ್‌ವಿನ್ಸಿಬಲ್’ ಕೂಡ ಕಾರ್ಟೂನೇ, ಬಣ್ಣವೂ ಅಷ್ಟೇ ಗಾಢ. ಆದರೆ ಅದು ದೊಡ್ಡವರಿಗೆ ಮಾಡಿದ್ದು, ಮೊದಲ ಎಪಿಸೋಡ್‌ನ ಕೊನೆಯಲ್ಲೇ ಭೀಕರ ರಕ್ತಪಾತವಿದೆ. ಪರದೆಯ ಮೇಲಿನ ಪುಟ್ಟ ಪೋಸ್ಟರ್ ನೋಡಿ ‘ಕಾರ್ಟೂನ್ ತಾನೇ, ನೋಡಲಿ ಬಿಡು’ ಎಂದು ಬಟನ್ ಒತ್ತುವವರಿಗೆ ಎರಡರ ನಡುವಿನ ಅಂತರ ಗೊತ್ತಾಗುವುದು ಕೈ ಮೀರಿದ ಮೇಲೆಯೇ. ಆದ್ದರಿಂದ ಸೂಪರ್‌ಹೀರೊ ಶೋ ಒಳ್ಳೆಯದೋ ಕೆಟ್ಟದ್ದೋ ಎಂಬ ಚರ್ಚೆಯನ್ನು ಬದಿಗಿಟ್ಟು, ಈ ಶೋ, ಈ ಎಪಿಸೋಡ್, ಈ ಮಗುವಿಗೆ ಆಗುತ್ತದೆಯೇ ಎಂದು ನೋಡಬೇಕು.

ಅದಕ್ಕೂ ಮೊದಲು ಒಂದು ವಿಷಯ ಮನಸ್ಸಿನಲ್ಲಿರಲಿ. ಏಳರ ಒಳಗಿನ ಮಗುವಿಗೆ ಕಥೆಯ ಕೊನೆಯಲ್ಲಿ ಬರುವ ನೀತಿಗಿಂತ ನಡುವಿನ ದೃಶ್ಯ ಹೆಚ್ಚು ತಲುಪುತ್ತದೆ. 2008ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಮಕ್ಕಳಿಗೆ ಮೂರು ಕಾಲಿನ ನಾಯಿಯೊಂದರ ಕಾರ್ಟೂನ್ ತೋರಿಸಿದ್ದರು. ನಮ್ಮಂತಿಲ್ಲದವರನ್ನೂ ಸೇರಿಸಿಕೊಳ್ಳಬೇಕು ಎಂಬುದು ಅದರ ಪಾಠ. ಮಕ್ಕಳಲ್ಲಿ ಹೆಚ್ಚಿನವರು ಆ ಪಾಠದವರೆಗೆ ಹೋಗಲೇ ಇಲ್ಲ. ಅವರ ಪಾಲಿಗೆ ಅದು ನಾಯಿಯ ಕಥೆ, ಅಷ್ಟೆ. ಸೂಪರ್‌ಹೀರೊ ಕಥೆಯ ಲೆಕ್ಕವೂ ಇದೇ. ಎಂಟು ನಿಮಿಷ ಜಗಳ, ಗುದ್ದಾಟ, ಹೀಯಾಳಿಕೆ. ಕೊನೆಯ ಒಂದು ನಿಮಿಷ ‘ಸ್ನೇಹವೇ ನಿಜವಾದ ಶಕ್ತಿ’ ಎಂಬ ಸಂಭಾಷಣೆ. ಮರುದಿನ ಸೋಫಾ ಮೇಲೆ ಮಗು ಆಡಿ ತೋರಿಸುವುದು ಆ ಎಂಟು ನಿಮಿಷವನ್ನು.

ಇನ್ನೊಂದು ವಿಷಯ ಹೊಡೆದಾಟದ ರೀತಿಗೆ ಸಂಬಂಧಿಸಿದ್ದು. ಅಮೆರಿಕದಲ್ಲಿ 1990ರ ದಶಕದ ನಡುವಿನಲ್ಲಿ ನಡೆದ ‘ನ್ಯಾಷನಲ್ ಟೆಲಿವಿಷನ್ ವಯಲೆನ್ಸ್ ಸ್ಟಡಿ’ ಸಾವಿರಾರು ಕಾರ್ಯಕ್ರಮಗಳನ್ನು ಜಾಲಾಡಿ, ಮಕ್ಕಳು ಬೇಗ ಅನುಕರಿಸುವ ಹಿಂಸೆಯ ಲಕ್ಷಣಗಳನ್ನು ಗುರುತಿಸಿತು: ಹೊಡೆಯುವವನು ಎಲ್ಲರಿಗೂ ಇಷ್ಟವಾಗುವವನು, ಹೊಡೆತಕ್ಕೆ ‘ಸರಿಯಾದ ಕಾರಣ’ ಇದೆ, ಅವನಿಗೆ ಶಿಕ್ಷೆಯಿಲ್ಲ, ಪೆಟ್ಟು ತಿಂದವನಿಗೆ ನೋವಾದಂತೆ ಕಾಣುವುದಿಲ್ಲ, ನೋಡುವವನಿಗೆ ಅದು ನಿಜವೆನಿಸುತ್ತದೆ. ಈ ಐದನ್ನೂ ಒಟ್ಟಿಗೆ ಇಟ್ಟು ನೋಡಿ, ಸೂಪರ್‌ಹೀರೊನ ಜಾತಕ ಓದಿದಂತಿದೆ. ರಕ್ತ ಕಾಣದ ಫೈಟ್ ಸುರಕ್ಷಿತ ಎಂದು ನಾವು ಅಂದುಕೊಳ್ಳುತ್ತೇವೆ. ಅನುಕರಣೆಯ ಮಟ್ಟಿಗೆ ಅದು ತಪ್ಪು ಲೆಕ್ಕ. ಗೋಡೆಗೆ ಅಪ್ಪಳಿಸಿ ಬಿದ್ದವನು ಮರುಕ್ಷಣ ಎದ್ದು ನಿಂತರೆ, ಹೊಡೆದರೆ ಏನೂ ಆಗುವುದಿಲ್ಲ ಎಂದೇ ನಾಲ್ಕು ವರ್ಷದವರಿಗೆ ಅರ್ಥವಾಗುತ್ತದೆ.

ರೇಟಿಂಗ್ ಎಷ್ಟರಮಟ್ಟಿಗೆ ನಂಬಬಹುದು

ಮೊದಲ ಜರಡಿಯಾಗಿ ರೇಟಿಂಗ್ ಸಾಕು, ಕೊನೆಯ ತೀರ್ಪಿಗೆ ಸಾಲದು. ಹಲವು ಶೋಗಳಿಗಿರುವ ಅಮೆರಿಕನ್ ಟಿವಿ ಗುರುತುಗಳು 1997ರಿಂದ ಬಳಕೆಯಲ್ಲಿವೆ. ‘ಟಿವಿ-ವೈ’ ಎಂದರೆ ಎಲ್ಲ ಮಕ್ಕಳಿಗೂ ಆದೀತು. ‘ಟಿವಿ-ವೈ7’ ಏಳು ವರ್ಷ ಮತ್ತು ಮೇಲ್ಪಟ್ಟವರಿಗೆ, ಅಂದರೆ ಕಲ್ಪನೆಯನ್ನೂ ವಾಸ್ತವವನ್ನೂ ಬೇರ್ಪಡಿಸಿ ನೋಡಬಲ್ಲ ಮಕ್ಕಳಿಗೆ. ಅದರ ಪಕ್ಕದಲ್ಲಿ ‘ಎಫ್‌ವಿ’ ಇದ್ದರೆ ಕಾಲ್ಪನಿಕ ಹೊಡೆದಾಟ ಆ ದರ್ಜೆಯ ಉಳಿದ ಶೋಗಳಿಗಿಂತ ಜೋರಾಗಿದೆ ಎಂದರ್ಥ. ಸಾಹಸದ ಅನಿಮೇಷನ್ ಸರಣಿಗಳಲ್ಲಿ ಬಹಳಷ್ಟು ಈ ಗುಂಪಿಗೇ ಸೇರುತ್ತವೆ. ‘ಟಿವಿ-ಪಿಜಿ’ ಬಂತೆಂದರೆ ಪುಟ್ಟವರನ್ನು ಒಂಟಿಯಾಗಿ ಕೂರಿಸುವಂತಿಲ್ಲ. ‘ಟಿವಿ-14’, ‘ಟಿವಿ-ಎಂಎ’ ಕಂಡರೆ ಯೋಚಿಸುವ ಅಗತ್ಯವೇ ಇಲ್ಲ, ಮುಂದಕ್ಕೆ ಹೋಗಿ.

ಇಲ್ಲಿ ಎಡವುವುದು ಎರಡು ಕಡೆ. ಇಡೀ ಸರಣಿಗೆ ಒಂದೇ ಗುರುತು ಕಾಣುವ ಕಡೆ, ಮೊದಲ ಎಪಿಸೋಡ್ ಸೌಮ್ಯವಾಗಿದ್ದು ಸೀಸನ್‌ನ ಕೊನೆಯದು ಕಠಿಣವಾಗಿರಬಹುದು. ಎರಡನೆಯದು ಆಟಿಕೆಯ ಡಬ್ಬಿ. ಅದರ ಮೇಲಿನ ‘3+’ ಮಗುವಿನ ಬಾಯಿಗೆ ಹೋಗಬಲ್ಲ ಸಣ್ಣ ಬಿಡಿಭಾಗಗಳಂಥ ಅಪಾಯಕ್ಕೆ ಸಂಬಂಧಿಸಿದ ಎಚ್ಚರಿಕೆ, ಆ ಪಾತ್ರದ ಶೋಗೂ ಅದಕ್ಕೂ ಸಂಬಂಧವಿಲ್ಲ. ಮೂರು ವರ್ಷದ ಅಳತೆಯ ಟೀಶರ್ಟ್ ಮೇಲಿರುವ ಹೀರೊನ ಸಿನಿಮಾ ಹದಿಮೂರರವರಿಗೆ ಮಾಡಿದ್ದಾಗಿರಬಹುದು.

20 ನಿಮಿಷದ ಪರೀಕ್ಷೆ

ಮಗು ಮಲಗಿದ ಮೇಲೆ ಒಂದು ಹಾಳೆ, ಪೆನ್ನು ಹಿಡಿದು ಕುಳಿತರೆ ಇಷ್ಟು ಸಮಯ ಸಾಕು. ಇಡೀ ಸೀಸನ್ ನೋಡಬೇಕಾಗಿಲ್ಲ.

1. ಸೀಸನ್‌ನ ನಡುವಿನ ಯಾವುದಾದರೂ ಒಂದು ಎಪಿಸೋಡ್ ಆರಿಸಿ. ಮೊದಲ ಎಪಿಸೋಡ್ ಬೇಡ, ಅದರಲ್ಲಿ ಪಾತ್ರ ಪರಿಚಯವೇ ಹೆಚ್ಚು.

2. ಮೊದಲ ಐದು ನಿಮಿಷ ದನಿ ಪೂರ್ತಿ ಆರಿಸಿ ನೋಡಿ. ಮೂರು ವರ್ಷದ ಮಗು ಸಂಭಾಷಣೆಗಿಂತ ಚಿತ್ರವನ್ನೇ ಹಿಂಬಾಲಿಸುತ್ತದೆ. ದನಿಯಿಲ್ಲದೆ ನಿಮಗೆ ಅರ್ಥವಾದದ್ದು ಬರೀ ಓಟ, ಸ್ಫೋಟ, ಕೂಗುವ ಮುಖಗಳಾಗಿದ್ದರೆ, ಮಗುವಿಗೆ ಸಿಗುವುದೂ ಸುಮಾರಾಗಿ ಅಷ್ಟೇ.

3. ದನಿ ಹಾಕಿಕೊಂಡು ಕಥೆಯ ಮೂರನೇ ಎರಡರಷ್ಟು ದೂರಕ್ಕೆ ಹಾರಿ. ದೊಡ್ಡ ಫೈಟ್ ಇರುವುದು ಸಾಮಾನ್ಯವಾಗಿ ಅಲ್ಲೇ. ಹೀರೊ ತನ್ನ ಶಕ್ತಿಯನ್ನು ಯಾವುದಕ್ಕೆ ಬಳಸುತ್ತಾನೆ ಎಂದು ಎರಡು ಸಾಲಿನಲ್ಲಿ ಗೀಟು ಹಾಕುತ್ತಾ ಹೋಗಿ: ಗುದ್ದು, ಒದೆ, ಆಯುಧದೇಟು ಒಂದು ಕಡೆ, ಎತ್ತುವುದು, ಹಿಡಿದು ನಿಲ್ಲಿಸುವುದು, ಬಲೆಯಲ್ಲಿ ಸಿಕ್ಕಿಸುವುದು, ಪಾರು ಮಾಡುವುದು ಇನ್ನೊಂದು ಕಡೆ. ಐದರ ಒಳಗಿನವರಿಗಾದರೆ ಎರಡನೆಯ ಸಾಲು ಉದ್ದವಿರಲೇಬೇಕು. 11 ನಿಮಿಷದ ಕಥೆಯಲ್ಲಿ ಮೈಗೆ ಬೀಳುವ ಹೊಡೆತ ಮೂರು ನಾಲ್ಕು ದಾಟಿದರೆ ಆ ಶೋ ಈಗ ಬೇಡ ಎನ್ನುವುದು ನಮ್ಮ ಅಳತೆಗೋಲು. ಇದು ಅನುಭವದ ಲೆಕ್ಕ, ಶಾಸ್ತ್ರವಚನವಲ್ಲ.

4. ಬಾಯಿಮಾತನ್ನು ಕೇಳಿ. ದಪ್ಪಗಿದ್ದಾನೆ, ಪೆದ್ದ, ಅಳುಬುರುಕ ಎಂದು ಹಂಗಿಸಿ ನಗುವ ದೃಶ್ಯಗಳೆಷ್ಟು? ಹಿರಿಯರು ಒದೆಯನ್ನು ಮಾತ್ರ ಎಣಿಸಿ ಇದನ್ನು ಬಿಟ್ಟುಬಿಡುತ್ತಾರೆ. ಒದೆಯಲು ಮಗುವಿಗೆ ಜಾಗ ಬೇಕು, ಎದುರಾಳಿ ಬೇಕು. ಹಂಗಿಸಲು ತಮ್ಮನೊಬ್ಬ ಸಾಕು.

5. ಕೊನೆಗೆ, ಸೀಸನ್‌ನ ಅಂತಿಮ ಎಪಿಸೋಡ್‌ನ ಐದು ನಿಮಿಷ ನೋಡಿ. ‘ಮುಂದುವರಿಯುವುದು’ ಎಂದು ಹೀರೊ ಕಟ್ಟಿಹಾಕಿಸಿಕೊಂಡ ಸ್ಥಿತಿಯಲ್ಲೇ ಬಿಟ್ಟುಹೋಗುವ ಶೋ ನಾಲ್ಕರ ಮಗುವಿಗೆ ರಾತ್ರಿಯಿಡೀ ಕಾಟ. ಅಂಥದ್ದಾದರೆ ಎರಡು ಭಾಗವನ್ನೂ ಒಂದೇ ದಿನ ತೋರಿಸಬೇಕು, ಇಲ್ಲವೇ ಎರಡನ್ನೂ ಬಿಡಬೇಕು.

ರೂಪ ಬದಲಾಗುವ ದೃಶ್ಯಗಳ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಇಲ್ಲಿ ದೊಡ್ಡವರ ಅಂದಾಜು ತಪ್ಪುತ್ತದೆ. ‘ದಿ ಇನ್‌ಕ್ರೆಡಿಬಲ್ ಹಲ್ಕ್’ ಟಿವಿ ಸರಣಿಯಲ್ಲಿ ಸಾಧಾರಣ ಮನುಷ್ಯ ಹಸಿರು ದೈತ್ಯನಾಗಿ ಬದಲಾಗುತ್ತಾನೆ, ಬದಲಾದ ಮೇಲೆ ಒಳ್ಳೆಯದನ್ನೇ ಮಾಡುತ್ತಾನೆ. 1980ರ ದಶಕದಲ್ಲಿ ಸಂಶೋಧಕರಾದ ಗ್ಲೆನ್ ಸ್ಪಾರ್ಕ್ಸ್ ಮತ್ತು ಜೋನ್ ಕ್ಯಾಂಟರ್ ಇದನ್ನು ಬೇರೆ ಬೇರೆ ವಯಸ್ಸಿನ ಮಕ್ಕಳಿಗೆ ತೋರಿಸಿದಾಗ, ದೊಡ್ಡ ಮಕ್ಕಳು ಹೆದರಿದ್ದು ಮನುಷ್ಯ ಅಪಾಯದಲ್ಲಿದ್ದಾಗ. ಪುಟ್ಟವರು ಹೆದರಿದ್ದು ಅವನು ಬದಲಾಗುವಾಗ ಮತ್ತು ಬದಲಾದ ನಂತರ. ಕಣ್ಣು ಬೆಳ್ಳಗಾಗುತ್ತದೆ, ಅಂಗಿ ಹರಿಯುತ್ತದೆ, ಪರಿಚಿತ ಮುಖ ಮಾಯವಾಗುತ್ತದೆ. ಒಳಗಿರುವವನು ಅವನೇ ಎಂಬುದು ಮೂರು ನಾಲ್ಕು ವರ್ಷದವರಿಗೆ ಗಟ್ಟಿಯಾಗಿ ತಿಳಿದಿರುವುದಿಲ್ಲ, ಕಂಡದ್ದೇ ಅವರಿಗೆ ಸತ್ಯ. ಹಾಗಾಗಿ ‘ಹೀರೊ ತಾನೇ, ಒಳ್ಳೆಯವನು’ ಎಂಬ ಸಮಾಧಾನ ಅವರಲ್ಲಿ ಕೆಲಸ ಮಾಡದು. ಕಿಡಿ ಹಾರಿ, ವೇಷ ಮಾತ್ರ ಬದಲಾಗಿ, ಮುಖ ಹಾಗೇ ಉಳಿಯುವ ಶೋಗಳು ಈ ವಯಸ್ಸಿಗೆ ಎಷ್ಟೋ ವಾಸಿ.

ವೇಗವನ್ನೂ ಗಮನಿಸಿ. 2011ರಲ್ಲಿ ಏಂಜೆಲಿನ್ ಲಿಲ್ಲಾರ್ಡ್ ಮತ್ತು ಜೆನಿಫರ್ ಪೀಟರ್ಸನ್ ನಾಲ್ಕು ವರ್ಷದ ಮಕ್ಕಳಿಗೆ ಬರೀ 9 ನಿಮಿಷ ವೇಗದ, ಅಸಂಭವ ಘಟನೆಗಳ ಕಾರ್ಟೂನ್ ತೋರಿಸಿದರು. ಆ ಮಕ್ಕಳು ಕೂಡಲೇ ಕೊಟ್ಟ ಏಕಾಗ್ರತೆ ಮತ್ತು ಸಂಯಮದ ಕೆಲಸಗಳಲ್ಲಿ ಚಿತ್ರ ಬರೆಯುತ್ತಾ ಕುಳಿತಿದ್ದವರಿಗಿಂತ ಹಿಂದೆ ಬಿದ್ದರು. ಇದು ಆ ಹೊತ್ತಿನ ಪರಿಣಾಮ, ಬುದ್ಧಿಯೇ ಕೆಟ್ಟಿತು ಎಂದಲ್ಲ. ಆದರೂ ಇಂಥ ಶೋ ಮುಗಿದ ತಕ್ಷಣ ಹೋಮ್‌ವರ್ಕ್‌ಗೋ ಊಟಕ್ಕೋ ಕೂರಿಸಿದರೆ ರಂಪ ಏಕೆ ಎಂಬುದಕ್ಕೆ ಇದರಲ್ಲಿ ಉತ್ತರವಿದೆ. ನಡುವೆ ಹತ್ತು ಹದಿನೈದು ನಿಮಿಷ ಓಡಾಡಲು ಬಿಡಿ.

ವಯಸ್ಸಿಗೆ ತಕ್ಕಂತೆ

ಎರಡರ ಒಳಗೆ ಯಾವ ಸೂಪರ್‌ಹೀರೊನೂ ಬೇಡ. ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಪರದೆ ಬೇಡ, ಕಡಿಮೆಯಾದಷ್ಟೂ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ಈ ಒಂದು ಗಂಟೆಯಲ್ಲಿ ಎಲ್ಲವೂ ಸೇರಿದೆ, ಫೋನೂ ಕೂಡ. ಮೂರು ತುಂಬುವವರೆಗೆ ಹೀರೊಗಳ ಅವಸರ ಮಾಡದಿದ್ದರೆ ಕಳೆದುಕೊಳ್ಳುವುದೇನಿಲ್ಲ. ಮೂರರಿಂದ ಐದರವರೆಗೆ ‘ಟಿವಿ-ವೈ’ ಗುರುತಿನ, ಮೇಲಿನ ಪರೀಕ್ಷೆ ದಾಟಿದ ಶೋ, ಒಂದು ಸಲಕ್ಕೆ ಒಂದೇ 11 ನಿಮಿಷದ ಕಥೆ, ಪಕ್ಕದಲ್ಲಿ ನೀವು.

ಆರು ಏಳು ವರ್ಷದವರ ವಿಷಯದಲ್ಲಿ ಸಂಖ್ಯೆಗಿಂತ ಮಗುವನ್ನು ನೋಡಿ. ಹೀರೊ ಏಕೆ ಹೊಡೆದ ಎಂದು ಕೇಳಿ. ‘ಅವನು ಕೆಟ್ಟವನು, ಅದಕ್ಕೆ’ ಎಂಬಲ್ಲಿಗೇ ಉತ್ತರ ನಿಂತರೆ ‘ವೈ7’ಗೆ ಇನ್ನೂ ಕಾಯಿರಿ. ‘ಅವನು ಸೇತುವೆ ಬೀಳಿಸ್ತಿದ್ದ, ಇವನು ಮೊದಲು ಬೇಡ ಅಂದ, ಅವನು ಕೇಳಲಿಲ್ಲ’ ಎಂದು ಕಾರಣವನ್ನು ಸಾಲಾಗಿ ಹೇಳಬಲ್ಲ ಮಗು ಕಥೆ ಹಿಡಿಯುತ್ತಿದೆ. ನಿಜದಲ್ಲಿ ಮನುಷ್ಯರು ಹಾರುತ್ತಾರಾ ಎಂದೂ ಕೇಳಿ. ‘ಇಲ್ಲ’ ಎಂದ ಕೂಡಲೇ ಬಿಡದೆ ‘ಕೇಪ್ ಹಾಕಿಕೊಂಡರೆ?’ ಎಂದು ಮತ್ತೆ ಕೇಳಿ. ಎರಡನೆಯ ಪ್ರಶ್ನೆಗೆ ತಡವರಿಸುವವರು ಬಹಳ ಮಂದಿ.

ಒಂದೇ ವಯಸ್ಸಿನ ಇಬ್ಬರು ಬೇರೆ ಬೇರೆಯಾಗಿರುತ್ತಾರೆ. ಕತ್ತಲಿಗೆ, ಜೋರು ಸದ್ದಿಗೆ ಬೆಚ್ಚುವ ಮಗುವಿಗೆ ಒಂದು ವರ್ಷ ತಡವಾಗಿ ತೋರಿಸಿ. ಈಗಾಗಲೇ ಕೈಯೆತ್ತುವ ಅಭ್ಯಾಸವಿರುವ ಮಗುವಿಗೂ ಹಾಗೆಯೇ.

ಜೊತೆಗೆ ಕೂತು ನೋಡುವುದು ಎಂದರೆ

ಅದೇ ಕೋಣೆಯಲ್ಲಿ ಫೋನ್ ಹಿಡಿದು ಕೂರುವುದು ಇದರಲ್ಲಿ ಸೇರುವುದಿಲ್ಲ. ರಿಮೋಟ್ ನಿಮ್ಮ ಕೈಯಲ್ಲಿರಲಿ, ಒಂದು ಕಥೆಗೆ ಎರಡೇ ಎರಡು ಸಲ ನಿಲ್ಲಿಸಿ. ಹತ್ತು ಸಲ ನಿಲ್ಲಿಸಿ ಪಾಠ ಮಾಡಿದರೆ ಮಗು ನಿಮ್ಮನ್ನೇ ವಿಲನ್ ಪಟ್ಟಿಗೆ ಸೇರಿಸುತ್ತದೆ. ಮೊದಲ ನಿಲುಗಡೆ ಪೆಟ್ಟು ಬಿದ್ದ ಕೂಡಲೇ: ‘ಅವನಿಗೆ ನೋವಾಯ್ತಾ? ನಿಜವಾಗಿ ಯಾರಾದ್ರೂ ಹೀಗೆ ಬಿದ್ದರೆ ಏನಾಗುತ್ತೆ ಪುಟ್ಟಾ?’ ತೆರೆ ಅಡಗಿಸಿಟ್ಟ ನೋವನ್ನು ಹೀಗೆ ನೀವೇ ಹೊರತೆಗೆಯಬೇಕು. ಎರಡನೆಯದು ಕೊನೆಯ ನೀತಿ ಬರುವಾಗ. ಅದನ್ನು ಮಗುವಿನ ದಿನಕ್ಕೆ ತಂದು ಹೇಳಿ: ‘ಇವರಿಬ್ಬರೂ ಆ ಯಂತ್ರವನ್ನ ಹಂಚಿಕೊಂಡ್ರು ನೋಡು. ಬೆಳಿಗ್ಗೆ ನಿಮ್ಮಿಬ್ಬರ ಸೈಕಲ್ ಜಗಳ ಆಯ್ತಲ್ಲ, ಅದೂ ಹೀಗೇ.’ ನೀತಿಯನ್ನು ಸ್ಪಷ್ಟವಾಗಿ ಬಿಡಿಸಿ ಹೇಳಿದರೆ ಪುಟ್ಟ ಮಕ್ಕಳಿಗೂ ಹೆಚ್ಚು ಹತ್ತುತ್ತದೆ, ತಾನಾಗಿ ಹೆಕ್ಕಿಕೊಳ್ಳಲಿ ಎಂದು ಬಿಟ್ಟರೆ ಇಲ್ಲ.

ಹೆದರಿ ಅಳುವ ಮಗುವಿಗೆ ‘ಅದು ನಿಜ ಅಲ್ಲ ಕಣೋ’ ಎಂದು ವಾದಿಸಬೇಡಿ. ಏಳೆಂಟು ವರ್ಷದವರಿಗೆ ಆ ಮಾತು ನೆರವಾದೀತು, ನಾಲ್ಕರವರಿಗೆ ಇಲ್ಲ. ಮೊದಲು ಪರದೆ ಆರಿಸಿ, ಎತ್ತಿಕೊಳ್ಳಿ, ನೀರು ಕುಡಿಸಿ, ಪ್ರಿಯವಾದ ಗೊಂಬೆ ಕೈಗೆ ಕೊಡಿ. ವಿವರಣೆ ಮರುದಿನ ಹಗಲಿನಲ್ಲಿರಲಿ.

ಸಮಯ ಸಂಜೆಗಿಂತ ಹಗಲಾದರೆ ಒಳ್ಳೆಯದು, ಮಲಗುವ ಒಂದು ಗಂಟೆ ಮುಂಚೆ ಪರದೆ ಬಂದ್. ಆದರೆ ಹಿಂಸೆಯಿರುವ ಕಾರ್ಯಕ್ರಮ ಹಗಲಿನಲ್ಲಿ ನೋಡಿದರೂ ಮೂರರಿಂದ ಐದು ವರ್ಷದವರಲ್ಲಿ ನಿದ್ದೆಯ ತೊಂದರೆ ಹೆಚ್ಚಿರುವುದನ್ನು ಮಿಷೆಲ್ ಗ್ಯಾರಿಸನ್ ಮತ್ತು ಡಿಮಿಟ್ರಿ ಕ್ರಿಸ್ಟಾಕಿಸ್ ತಂಡ ಕಂಡಿತ್ತು. ಅದೇ ತಂಡ 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒತ್ತು ಇದ್ದದ್ದು ನೋಡುವ ಹೊತ್ತನ್ನು ಕಡಿತ ಮಾಡುವುದರ ಮೇಲಲ್ಲ. ನೋಡುವ ಕಾರ್ಯಕ್ರಮವನ್ನು ಸೌಮ್ಯವಾದದ್ದಕ್ಕೆ ಬದಲಿಸಿದಾಗ ಮಕ್ಕಳ ನಿದ್ದೆ ಸುಧಾರಿಸಿತು. ಟಿವಿ ಪೂರ್ತಿ ನಿಲ್ಲಿಸಲಾಗದ ಮನೆಗಳಿಗೆ ಇದು ಕೈಗೆಟುಕುವ ದಾರಿ.

ಸಾಧನದಲ್ಲಿ ಮಾಡಬೇಕಾದದ್ದು

ಮಗುವಿಗೆ ಬೇರೆಯೇ ಪ್ರೊಫೈಲ್ ಮಾಡಿ ವಯಸ್ಸಿನ ಮಿತಿ ಹಾಕಿ. ಇಷ್ಟನ್ನು ಎಲ್ಲರೂ ಮಾಡುತ್ತಾರೆ, ನಿಮ್ಮ ಪ್ರೊಫೈಲಿಗೆ ಪಿನ್ ಹಾಕುವುದನ್ನು ಮರೆಯುತ್ತಾರೆ. ಐದು ವರ್ಷದವರು ನಿಮ್ಮ ಚಿತ್ರ ಗುರುತಿಸಿ ಅದನ್ನೇ ಒತ್ತಬಲ್ಲರು. ಮುಂದಿನ ಎಪಿಸೋಡ್ ತಾನಾಗಿ ಓಡುವುದನ್ನೂ, ಪೋಸ್ಟರ್ ಮೇಲೆ ನಿಂತೊಡನೆ ಟ್ರೇಲರ್ ಓಡುವುದನ್ನೂ ಸೆಟ್ಟಿಂಗ್ಸ್‌ನಲ್ಲಿ ಆರಿಸಿ. ಯೂಟ್ಯೂಬ್‌ನಲ್ಲಿ ಹೀರೊನ ಹೆಸರು ಹುಡುಕಲು ಮಗುವಿಗೆ ಬಿಡಲೇಬೇಡಿ. ಪರಿಚಿತ ಪಾತ್ರಗಳ ವೇಷದಲ್ಲಿ ವಿಕಾರ ದೃಶ್ಯ ತುಂಬಿದ ನಕಲಿ ವಿಡಿಯೊಗಳು 2017ರಲ್ಲಿ ದೊಡ್ಡ ಸುದ್ದಿಯಾಗಿದ್ದವು. ಯೂಟ್ಯೂಬ್ ಕಿಡ್ಸ್ ಬಳಸುವವರಾದರೆ ನೀವು ಒಪ್ಪಿದ ಚಾನೆಲ್, ವಿಡಿಯೊಗಳನ್ನಷ್ಟೇ ತೋರಿಸುವ ಆಯ್ಕೆ ಅದರಲ್ಲಿದೆ. ಎಲ್ಲಕ್ಕಿಂತ ಸುಲಭದ ಉಪಾಯ: ಪರೀಕ್ಷೆ ದಾಟಿದ ಐದಾರು ಎಪಿಸೋಡ್ ಡೌನ್‌ಲೋಡ್ ಮಾಡಿಟ್ಟು, ಇಂಟರ್‌ನೆಟ್ ಆರಿಸಿ ಸಾಧನ ಕೊಡುವುದು. ನೋಡಿದ್ದನ್ನೇ ನೋಡಲು ಈ ವಯಸ್ಸಿನವರಿಗೆ ಬೇಸರವಿಲ್ಲ.

ಮನೆಯಲ್ಲಿ ಅಣ್ಣನೋ ಅಕ್ಕನೋ ಇದ್ದರೆ ಈ ಬೇಲಿಯೆಲ್ಲ ಅವರ ಬಳಿ ಮುರಿಯುತ್ತದೆ. ದೊಡ್ಡವರ ಶೋಗೆ ಪುಟ್ಟವರು ಮಲಗಿದ ಹೊತ್ತನ್ನು ಮೀಸಲಿಡಿ. ಹೆಡ್‌ಫೋನ್ ಕೊಟ್ಟರೆ ಸಾಲದು, ಚಿತ್ರ ಕಾಣುತ್ತಲೇ ಇರುತ್ತದೆ.

ಆಟಕ್ಕೆ ಇಳಿದಾಗ

ಶೋ ಮುಗಿದ ಮೇಲಿನ ಹೀರೊ ಆಟವನ್ನು ಪೂರ್ತಿ ನಿಷೇಧಿಸುವ ಅಗತ್ಯವಿಲ್ಲ, ನಿಷೇಧಿಸಿದರೆ ಅದು ಕಣ್ಣಿಗೆ ಕಾಣದ ಜಾಗಕ್ಕೆ ಹೋಗುತ್ತದೆ. ನಗು ಇದೆಯೇ, ವಿಲನ್ ಪಾತ್ರ ಸರದಿಯಂತೆ ಬದಲಾಗುತ್ತಿದೆಯೇ, ಬಿದ್ದವನು ಮತ್ತೆ ಆಟಕ್ಕೆ ಬರುತ್ತಿದ್ದಾನೆಯೇ ಎಂದು ನೋಡಿ. ಪ್ರತಿ ಸಲ ಚಿಕ್ಕವನೇ ವಿಲನ್ ಆಗಿ ಪೆಟ್ಟು ತಿನ್ನುತ್ತಿದ್ದರೆ ಅದು ಬೆಕ್ಕಿಗೆ ಆಟ, ಇಲಿಗೆ ಪ್ರಾಣಸಂಕಟ. ನಿಯಮ ಮೂರು ಸಾಕು: ಕುತ್ತಿಗೆಯ ಮೇಲೆ ಕೈ ಬೀಳುವಂತಿಲ್ಲ, ‘ಸ್ಟಾಪ್’ ಎಂದರೆ ಎಲ್ಲರೂ ನಿಲ್ಲಬೇಕು, ಪ್ರತಿ ಸುತ್ತಿಗೂ ಪಾತ್ರ ಬದಲು. ಪಾರು ಮಾಡುವ ಕೆಲಸಗಳನ್ನು ನೀವೇ ಕೊಡಿ. ಮಂಚದಡಿ ಸಿಕ್ಕಿಬಿದ್ದ ಗೊಂಬೆಗಳನ್ನು ನೆಲ ಮುಟ್ಟದೆ ಹೊರತರುವುದು ಅರ್ಧ ಗಂಟೆಯ ಕೆಲಸವಾದೀತು.

ಕೇಪ್ ಬಗ್ಗೆ ಮಾತ್ರ ರಾಜಿ ಬೇಡ. ಕುತ್ತಿಗೆಗೆ ಗಂಟು ಹಾಕುವ ದಾರ ಎಲ್ಲಾದರೂ ಸಿಕ್ಕಿಕೊಂಡರೆ ಉಸಿರುಗಟ್ಟುತ್ತದೆ. ಎಳೆದೊಡನೆ ಬಿಟ್ಟುಕೊಳ್ಳುವಂತೆ ಎರಡು ಭುಜದ ಮೇಲೂ ವೆಲ್ಕ್ರೊ ಪಟ್ಟಿ ಹಚ್ಚಿ, ಉದ್ದ ಮಂಡಿ ದಾಟದಿರಲಿ. ನೀವೇ ಒಮ್ಮೆ ಹಿಂದಿನಿಂದ ಒಂದು ಬೆರಳಲ್ಲಿ ಎಳೆದು ನೋಡಿ, ಕಳಚಿ ಬರಬೇಕು. ಜಾರುಬಂಡೆ, ಏಣಿ, ಉಯ್ಯಾಲೆ, ಸೈಕಲ್ ಹತ್ತುವ ಮೊದಲು ಅದನ್ನು ತೆಗೆಯಲೇಬೇಕು. ಪೂರ್ತಿ ಮುಖ ಮುಚ್ಚುವ ಮುಖವಾಡ ಪಕ್ಕದ ನೋಟವನ್ನು ಕಡಿಯುತ್ತದೆ, ಕಣ್ಣಿನ ಸುತ್ತ ಮಾತ್ರ ಬರುವ ಬಟ್ಟೆಯದು ಸಾಕು. ‘ಹಾರುವುದು ನೆಲದ ಮೇಲೆ ಮಾತ್ರ’ ಎಂಬ ನಿಯಮವನ್ನು ಶೋ ಶುರುವಾಗುವ ಮುಂಚೆ ಮಗುವಿನ ಬಾಯಲ್ಲೇ ಹೇಳಿಸಿ. ಕಿಟಕಿ, ಬಾಲ್ಕನಿಗಳ ಹತ್ತಿರದ ಕುರ್ಚಿ, ಸ್ಟೂಲ್‌ಗಳನ್ನು ಸರಿಸಿಡಿ. ಮಾತಿಗಿಂತ ಕುರ್ಚಿ ಸರಿಸುವುದು ಹೆಚ್ಚು ಭದ್ರ.

ಹೀರೊಗಳನ್ನು ನೋಡಿ ಮಕ್ಕಳು ದುರ್ಬಲರ ಪರ ನಿಲ್ಲುವುದನ್ನು ಕಲಿಯುತ್ತಾರೆ ಎಂಬ ವಾದವೂ ಇದೆ. ಬ್ರಿಗಮ್ ಯಂಗ್ ವಿಶ್ವವಿದ್ಯಾಲಯದ ಸಾರಾ ಕಾಯ್ನ್ ತಂಡ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಶಾಲಾಪೂರ್ವ ವಯಸ್ಸಿನಲ್ಲಿ ಸೂಪರ್‌ಹೀರೊಗಳಲ್ಲಿ ಹೆಚ್ಚು ಮುಳುಗಿದ್ದ ಮಕ್ಕಳಲ್ಲಿ ಒಂದು ವರ್ಷದ ನಂತರ ಕೈಮಾಡುವ ಸ್ವಭಾವ ಹೆಚ್ಚಿತ್ತು. ಇತರರ ಪರ ನಿಲ್ಲುವ ಗುಣ ಹೆಚ್ಚಿರಲಿಲ್ಲ. ಶೋ ಒಂದೇ ಇದಕ್ಕೆ ಕಾರಣ ಎಂದು ಇದು ಸಾಬೀತು ಮಾಡುವುದಿಲ್ಲ, ಆದರೆ ಒಳ್ಳೆಯ ಗುಣ ತಾನಾಗಿ ಬರುತ್ತದೆ ಎಂದು ಕೈಕಟ್ಟಿ ಕೂರುವಂತಿಲ್ಲ. ಹೀರೊನಿಂದ ನಿಜಕ್ಕೂ ಕೆಲಸ ತೆಗೆಯುವ ದಾರಿ ಬೇರೆ ಇದೆ. ಅದೇ ವರ್ಷದ ಇನ್ನೊಂದು ಅಧ್ಯಯನದಲ್ಲಿ ನಾಲ್ಕು ಮತ್ತು ಆರು ವರ್ಷದವರಿಗೆ 10 ನಿಮಿಷದ ಬೇಸರದ ಕೆಲಸ ಕೊಟ್ಟು, ಪಕ್ಕದಲ್ಲೇ ಆಟದ ಆಮಿಷ ಇಟ್ಟಿದ್ದರು. ಬ್ಯಾಟ್‌ಮ್ಯಾನ್‌ನಂಥ ಪಾತ್ರವಾಗಿ ನಟಿಸುತ್ತಾ, ‘ಬ್ಯಾಟ್‌ಮ್ಯಾನ್ ಶ್ರಮಪಟ್ಟು ಮಾಡ್ತಿದ್ದಾನಾ?’ ಎಂದು ತಮ್ಮನ್ನೇ ಕೇಳಿಕೊಂಡವರು ಎಲ್ಲರಿಗಿಂತ ಹೆಚ್ಚು ಹೊತ್ತು ಕೆಲಸಕ್ಕೆ ಅಂಟಿಕೊಂಡರು. ಚೆಲ್ಲಾಡಿದ ಬ್ಲಾಕ್‌ಗಳನ್ನು ಡಬ್ಬಿಗೆ ತುಂಬುವಾಗ, ಶೂ ಲೇಸ್ ಕಟ್ಟಲು ಕಲಿಯುವಾಗ ಇದನ್ನು ಬಳಸಿ. ಎಪಿಸೋಡ್ ಹಾಕುವ ಅಗತ್ಯವೇ ಬೀಳುವುದಿಲ್ಲ.

ಯಾವಾಗ ನಿಲ್ಲಿಸಬೇಕು

ರಾತ್ರಿ ಬೆಚ್ಚಿ ಏಳುವುದು, ಒಂಟಿಯಾಗಿ ಕೋಣೆಗೆ ಹೋಗಲು ಹೆದರುವುದು, ಆಟದಾಚೆಗೂ ಕೋಪ ಬಂದಾಗ ಅದೇ ಶೋನ ಒದೆ ಬರುವುದು, ಆರಿಸಿದರೆ ಪ್ರತಿ ಸಲ ಅರ್ಧ ಗಂಟೆ ಅಳು: ಇವುಗಳಲ್ಲಿ ಯಾವುದಾದರೂ ಒಂದು ವಾರ ಮುಂದುವರಿದರೆ ಆ ಶೋವನ್ನು ಎರಡು ವಾರ ಎತ್ತಿಡಿ. ಶಿಕ್ಷೆಯೆಂದು ಹೇಳಬೇಡಿ, ಅದರ ಹೊತ್ತಿನಲ್ಲಿ ಬೇರೆ ಶೋ ಅಥವಾ ಬೇರೆ ಆಟ ಇಡಿ. ಎರಡು ವಾರದಲ್ಲಿ ಲಕ್ಷಣ ಇಳಿದರೆ ಕಾರಣ ಗೊತ್ತಾದಂತಾಯಿತು, ಆರು ತಿಂಗಳ ನಂತರ ಮತ್ತೆ ಒಂದು ಎಪಿಸೋಡ್‌ನಿಂದ ಶುರುಮಾಡಬಹುದು. ಇಳಿಯದಿದ್ದರೆ ಕಾರಣ ಟಿವಿಯ ಆಚೆ ಇರಬಹುದು. ಶಾಲೆಯಲ್ಲಿ ಟೀಚರ್ ಬಳಿ ಮಾತಾಡಿ, ಮಕ್ಕಳ ವೈದ್ಯರಿಗೂ ಒಮ್ಮೆ ತಿಳಿಸಿ.